ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಾಡಲು ಎಷ್ಟು ಸಿಸಿ ಬೈಕು ಸಾಕು?

ಪ್ರಶ್ನೆ: ಮನೆಯಿಂದ ಕೆಲಸಕ್ಕೆ 11 ಕಿ.ಮೀ. ದಾರಿ. ಬಹುಪಾಲು ಸಿಗ್ನಲ್, ಕಿಕ್ಕಿರಿದ ವಾಹನಗಳು, ನಡುವೆ ಒಂದು ಉದ್ದನೆಯ ಏರು. ಹೆಚ್ಚಿನ ದಿನ ಹಿಂದೆ ಒಬ್ಬರು ಕೂರುತ್ತಾರೆ. ನನ್ನ ಎತ್ತರ 163 ಸೆಂ.ಮೀ. 100 ಸಿಸಿ ಸಾಕೇ, 125 ಬೇಕೇ, ಇಲ್ಲ ಇನ್ನಷ್ಟು ದುಡ್ಡು ಹಾಕಿ 150 ತಗೊಳ್ಳುವುದೇ ಮೇಲೇ?

ಉತ್ತರ: 125 ಸಿಸಿ, ಅದೂ 120 ಕೆ.ಜಿ. ಆಸುಪಾಸಿನದು. ಹಿಂದೆ ಯಾರೂ ಕೂರದಿದ್ದರೆ 100 ಸಿಸಿಯೇ ಧಾರಾಳವಾಗಿತ್ತು. ನಿಮ್ಮ ವಿಷಯದಲ್ಲಿ ತೀರ್ಮಾನ ಮಾಡುವುದು ದೂರವಲ್ಲ, ಆ ಎರಡನೇ ಸೀಟು.

ಲೆಕ್ಕ ನೋಡಿ. ಸಾಮಾನ್ಯ 100 ಸಿಸಿ ಬೈಕಿನ ಶಕ್ತಿ ಸುಮಾರು 8 ಎಚ್‌ಪಿ, ತೂಕ 110 ಕೆ.ಜಿ. ಸುತ್ತಮುತ್ತ. 70 ಕೆ.ಜಿ.ಯ ಸವಾರ ಕೂತರೆ ಪ್ರತಿ 100 ಕೆ.ಜಿ.ಗೆ 4.4 ಎಚ್‌ಪಿ ಸಿಗುತ್ತದೆ. ಅಷ್ಟೇ ತೂಕದ ಇನ್ನೊಬ್ಬರು ಹತ್ತಿದರೆ ಅದು 3.2ಕ್ಕೆ ಇಳಿಯುತ್ತದೆ. 125 ಸಿಸಿಯಲ್ಲಿ ಸುಮಾರು 11 ಎಚ್‌ಪಿ ಇರುತ್ತದೆ. ಇಬ್ಬರು ಕೂತರೂ 4.2ರ ಮೇಲೆಯೇ ಉಳಿಯುತ್ತದೆ. ಅಂದರೆ ಇಬ್ಬರನ್ನು ಹೊತ್ತ 125, ಒಬ್ಬರನ್ನು ಹೊತ್ತ 100ರಷ್ಟೇ ಹಗುರಾಗಿ ಎಳೆಯುತ್ತದೆ. ಏರಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಹತ್ತು ಮೀಟರ್‌ಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಇಬ್ಬರನ್ನು ಕೂರಿಸಿಕೊಂಡು ಗಂಟೆಗೆ 40 ಕಿ.ಮೀ. ವೇಗ ಉಳಿಸಿಕೊಳ್ಳಲು ಬರೀ ಏರಿಗೇ ಸುಮಾರು 3.7 ಎಚ್‌ಪಿ ಬೇಕು, ಗಾಳಿ ಮತ್ತು ಟೈರಿನ ಎಳೆತ ಬೇರೆ. 100 ಸಿಸಿ ಹತ್ತುವುದಿಲ್ಲ ಎಂದಲ್ಲ. ಗೇರು ಇಳಿಸಿ, ಎಂಜಿನ್ ಕಿರುಚಿಸಿಕೊಂಡು ಹತ್ತುತ್ತದೆ. ದಿನಾ ಎರಡು ಹೊತ್ತು ಅದನ್ನು ಕೇಳುವ ತಾಳ್ಮೆ ಇದೆಯೇ ಎಂಬುದು ನಿಮಗೆ ಬಿಟ್ಟಿದ್ದು.

ಮೈಲೇಜಿನ ಭಯ ಬೇಡ. ತಿಂಗಳಿಗೆ 550 ಕಿ.ಮೀ. ಓಡಿಸಿದರೆ, ಲೀಟರಿಗೆ 65 ಕಿ.ಮೀ. ಕೊಡುವ ಬೈಕಿಗೆ 8.5 ಲೀಟರ್ ಪೆಟ್ರೋಲ್, 55 ಕೊಡುವುದಕ್ಕೆ 10 ಲೀಟರ್. ಒಂದೂವರೆ ಲೀಟರಿಗೋಸ್ಕರ ಎರಡು ಹೊತ್ತು ತಿಣುಕಾಡುವುದರಲ್ಲಿ ಅರ್ಥವಿಲ್ಲ.

ಹಾಗಿದ್ದರೆ 150 ಇನ್ನೂ ಮೇಲಲ್ಲವೇ? ಓಡುವಾಗ ಹೌದು, ನಿಂತಾಗ ಅಲ್ಲ. 150–160 ಸಿಸಿ ಬೈಕುಗಳು ಸಾಮಾನ್ಯವಾಗಿ 135ರಿಂದ 150 ಕೆ.ಜಿ. ತೂಗುತ್ತವೆ. ಕಾರುಗಳ ಸಂದಿಯಲ್ಲಿ ಕಾಲೂರಿ ತಳ್ಳುವಾಗ, ಇಕ್ಕಟ್ಟಿನ ಪಾರ್ಕಿಂಗ್‌ನಿಂದ ಹಿಂದಕ್ಕೆ ಎಳೆಯುವಾಗ ಆ ಹೆಚ್ಚಿನ 20–25 ಕೆ.ಜಿ. ನಿಮ್ಮ ಸೊಂಟದ ಮೇಲೆಯೇ ಬರುತ್ತದೆ. ದಾರಿಯಲ್ಲಿ 75–80 ಕಿ.ಮೀ. ವೇಗದಲ್ಲಿ ಬಹಳ ಹೊತ್ತು ಸಾಗುವ ಹೆದ್ದಾರಿ ಇದ್ದರೆ ಮಾತ್ರ 150ರ ಮಾತು.

ತೂಕ ಓದುವಾಗ ಒಂದು ಎಚ್ಚರ. ಕರ್ಬ್ ವೇಟ್ ಎಂದರೆ ಪೆಟ್ರೋಲ್, ಆಯಿಲ್, ಬ್ಯಾಟರಿ ಎಲ್ಲ ಸೇರಿದ ತೂಕ. ಡ್ರೈ ವೇಟ್‌ನಲ್ಲಿ ಇವು ಇರುವುದಿಲ್ಲ. ಒಂದು ಲೀಟರ್ ಪೆಟ್ರೋಲೇ ಮುಕ್ಕಾಲು ಕೆ.ಜಿ. ತೂಗುವುದರಿಂದ ಎರಡರ ನಡುವೆ ಸುಮಾರು ಹತ್ತು ಕೆ.ಜಿ. ವ್ಯತ್ಯಾಸ ಬರುತ್ತದೆ. ಒಂದರ ಡ್ರೈ ವೇಟನ್ನು ಇನ್ನೊಂದರ ಕರ್ಬ್ ವೇಟ್ ಜೊತೆ ಹೋಲಿಸಬೇಡಿ. ಹಾಗೆಯೇ ಸೀಟಿನ ಎತ್ತರ: ನಿಮಗೆ 780–795 ಮಿ.ಮೀ. ಹೊಂದುತ್ತದೆ, ಆದರೆ ಸೀಟಿನ ಮುಂಭಾಗ ಅಗಲವಾಗಿದ್ದರೆ ತೊಡೆ ಹರಡಿಕೊಂಡು ಅದೇ ಎತ್ತರದಲ್ಲೂ ಕಾಲು ನೆಲಕ್ಕೆ ಎಟುಕುವುದಿಲ್ಲ. ಕೂತು ನೋಡದೆ ಇದು ತಿಳಿಯದು. ಎರಡೂ ಪಾದಗಳ ಮುಂಭಾಗ ನೆಲದ ಮೇಲೆ ಗಟ್ಟಿಯಾಗಿ ಊರುವಂತಿರಬೇಕು.

ಟೆಸ್ಟ್ ರೈಡ್‌ನಲ್ಲಿ ಎಲ್ಲರೂ ಖಾಲಿ ರಸ್ತೆ ಹುಡುಕಿ ಪಿಕಪ್ ನೋಡುತ್ತಾರೆ. ನೋಡಬೇಕಾದ್ದು ಅದಲ್ಲ. ಮೊದಲು ಎಂಜಿನ್ ಆರಿಸಿ, ಬೈಕಿನ ಮೇಲೆ ಕೂತೇ ಕಾಲಿನಿಂದ ಹಿಂದಕ್ಕೆ ತಳ್ಳಿ, ಹ್ಯಾಂಡಲ್ ಪೂರ್ತಿ ತಿರುಗಿಸಿ ಎಂಟು ಹತ್ತು ಹೆಜ್ಜೆ ಓಡಾಡಿಸಿ. ಸೆಂಟರ್ ಸ್ಟ್ಯಾಂಡ್ ಹಾಕಿ ತೆಗೆಯಿರಿ. ಆಮೇಲೆ ಎಂಜಿನ್ ಬಿಸಿಯಾದ ಮೇಲೆ ಮೊದಲ ಗೇರಿಗೆ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ ಬಿಡಿ. ಒಳ್ಳೆಯ ಸಿಟಿ ಬೈಕು ಎಳೆದಾಡದೆ, ಆರಿಹೋಗದೆ ನಡಿಗೆಯ ವೇಗದಲ್ಲಿ, ಅಂದರೆ ಗಂಟೆಗೆ 4–6 ಕಿ.ಮೀ.ನಲ್ಲಿ ತೆವಳುತ್ತದೆ. ಈ ಗುಣವಿಲ್ಲದ ಬೈಕಿನಲ್ಲಿ ದಟ್ಟಣೆಯ ಉದ್ದಕ್ಕೂ ಹಾಫ್ ಕ್ಲಚ್ ಹಿಡಿಯುವುದು ಅನಿವಾರ್ಯ. ಕೈ ನೋವು ಮೊದಲು, ಕ್ಲಚ್ ಪ್ಲೇಟ್ ಸವೆತ ಆಮೇಲೆ. ಮುಂದಿನದು, ಮೂರನೇ ಗೇರಿನಲ್ಲಿ 25 ಕಿ.ಮೀ. ವೇಗದಿಂದ ನಿಧಾನವಾಗಿ ಆಕ್ಸಿಲರೇಟರ್ ತಿರುಗಿಸುವುದು. ನಡುಗದೆ, ಕಟಕಟ ಎನ್ನದೆ ಎಳೆದುಕೊಂಡು ಹೋದರೆ ಗೇರಿಂಗ್ ನಗರಕ್ಕೆ ಸರಿಯಾಗಿದೆ. ಕಾಗದದ ಮೇಲೂ ಇದರ ಸುಳಿವು ಸಿಗುತ್ತದೆ: ಗರಿಷ್ಠ ಟಾರ್ಕ್ (ಎಂಜಿನ್ ತಿರುಗಿಸುವ ಬಲ) 5,500–6,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತು) ಬರುವ ಎಂಜಿನ್, 7,500ರಲ್ಲಿ ಬರುವ ಸ್ಪೋರ್ಟಿ ಎಂಜಿನ್‌ಗಿಂತ ಸಿಗ್ನಲ್‌ಗಳ ನಡುವೆ ಸಲೀಸು. ಸಾಧ್ಯವಾದರೆ ಹಿಂದೆ ಕೂರುವವರನ್ನೂ ಕೂರಿಸಿಕೊಂಡು ಇದನ್ನೆಲ್ಲ ಮಾಡಿ.

ಬ್ರೇಕಿನಲ್ಲಿ ಮುಂದೆ ಡಿಸ್ಕ್ ಇರಲಿ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಸರಿಯುವುದರಿಂದ ಹೆಚ್ಚಿನ ಕೆಲಸ ಮುಂದಿನ ಚಕ್ರದ್ದೇ. ಎಬಿಎಸ್ ಸಿಕ್ಕರೆ ಬಿಡಬೇಡಿ; ಮಳೆಯಲ್ಲಿ, ಮರಳಿನ ಮೇಲೆ ಮುಂದಿನ ಚಕ್ರ ಲಾಕ್ ಆಗದಂತೆ ಕಾಯುವುದು ಅದೇ. ಕಾಂಬಿ ಬ್ರೇಕ್ ಕಾಲಿನ ಬ್ರೇಕಿಗೆ ಮುಂದಿನದನ್ನೂ ಸ್ವಲ್ಪ ಸೇರಿಸುತ್ತದೆ, ಲಾಕ್ ಆಗುವುದನ್ನು ತಪ್ಪಿಸುವುದಿಲ್ಲ. ಚಕ್ರ 17 ಅಥವಾ 18 ಇಂಚು, ಟ್ಯೂಬ್‌ಲೆಸ್ ಟೈರ್.

ಇಬ್ಬರು ಓಡಾಡುವವರು ಮರೆಯುವುದು ಹಿಂದಿನ ಟೈರಿನ ಗಾಳಿ. ಒಬ್ಬರಿಗೆ ಸಾಮಾನ್ಯವಾಗಿ ಮುಂದೆ 25, ಹಿಂದೆ 28–29 ಪಿಎಸ್‌ಐ ಇದ್ದರೆ, ಇಬ್ಬರಿಗೆ ಹಿಂದೆ 33–36 ಬೇಕಾಗುತ್ತದೆ (ನಿಖರ ಅಂಕಿ ಬೈಕಿನ ಮೇಲಿನ ಸ್ಟಿಕ್ಕರ್‌ನಲ್ಲಿದೆ, ಅದೇ ಅಂತಿಮ). ಹಿಂದಿನ ಶಾಕ್ ಅಬ್ಸಾರ್ಬರ್‌ಗೆ ಹಂತಗಳಿದ್ದರೆ ಒಂದೆರಡು ಹಂತ ಗಟ್ಟಿ ಮಾಡಿಸಿ, ಇಲ್ಲದಿದ್ದರೆ ಗುಂಡಿ ಸಿಕ್ಕಾಗಲೆಲ್ಲ ತಳ ಬಡಿಯುತ್ತದೆ.

ಚೈನ್ ಪೂರ್ತಿ ಮುಚ್ಚಿದ ಮಾದರಿ ನೋಡಲು ಹಳೆಯದೆನಿಸಬಹುದು, ಆದರೆ ದಿನಾ ಓಡಿಸುವವರಿಗೆ ಅದೇ ಒಳ್ಳೆಯದು. ತೆರೆದ ಚೈನಿಗೆ ಸುಮಾರು 500 ಕಿ.ಮೀ.ಗೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ, ಲ್ಯೂಬ್ ಬೇಕು. ಮುಚ್ಚಿದ್ದಕ್ಕೆ ಕೆಸರು, ಧೂಳು ಅಷ್ಟು ತಾಗುವುದಿಲ್ಲ. ಎರಡಕ್ಕೂ ಸಡಿಲ 20–30 ಮಿ.ಮೀ. ಇರಬೇಕು. ಕ್ಲಚ್ ಲಿವರ್ ತುದಿಯಲ್ಲಿ 10–20 ಮಿ.ಮೀ. ಆಟ ಇರಲಿ, ಪೂರ್ತಿ ಬಿಗಿ ಮಾಡಿಸಿದರೆ ಕ್ಲಚ್ ಸದಾ ಅರೆಬರೆ ಜಾರುತ್ತಲೇ ಇರುತ್ತದೆ.

ಆಯಿಲ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಈ ಎಂಜಿನ್‌ಗಳಲ್ಲಿ ಇರುವುದೇ ಒಂದು ಲೀಟರ್ ಆಸುಪಾಸು, ಕ್ಲಚ್ ಕೂಡ ಅದರಲ್ಲೇ ಮುಳುಗಿರುತ್ತದೆ. ಡಬ್ಬಿಯ ಮೇಲೆ ಜಾಸೋ (JASO) ಎಂಎ ಅಥವಾ ಎಂಎ2 ಎಂದಿರಬೇಕು, ಅದು ಇಂಥ ಕ್ಲಚ್‌ಗೆ ಹೊಂದುವ ಬೈಕ್ ಆಯಿಲ್ ಎನ್ನುವ ಜಪಾನಿನ ಗುಣಮಟ್ಟದ ಗುರುತು. ಕಾರಿನ ಆಯಿಲ್ ಹಾಕಿದರೆ ಅದರಲ್ಲಿನ ಘರ್ಷಣೆ ತಗ್ಗಿಸುವ ಅಂಶಗಳಿಂದ ಕ್ಲಚ್ ಜಾರಬಹುದು: ಎಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಒಂದು ಲೀಟರಿನಲ್ಲಿ ಕಾಲು ಲೀಟರ್ ಕಮ್ಮಿಯಾದರೂ ಗಾಳಿಯಿಂದ ತಣಿಯುವ ಎಂಜಿನ್ ದಟ್ಟಣೆಯಲ್ಲಿ ಬೇಗ ಕಾಯುತ್ತದೆ, ಹಾಗಾಗಿ ಹದಿನೈದು ದಿನಕ್ಕೊಮ್ಮೆ ಮಟ್ಟ ನೋಡಿ.

ಕೊನೆಯದಾಗಿ ಕಿಕ್ಕರ್. ಇದ್ದರೆ ಒಳ್ಳೆಯದು, ಆದರೆ ಫ್ಯೂಯಲ್ ಇಂಜೆಕ್ಷನ್ ಬೈಕಿನಲ್ಲಿ ಪಂಪಿಗೂ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ಒದ್ದರೂ ಹತ್ತದಿರಬಹುದು. ಆ ಪಂಪ್ ಟ್ಯಾಂಕಿನೊಳಗಿದ್ದರೆ ತಣಿಯುವುದೂ ಪೆಟ್ರೋಲಿನಿಂದಲೇ. ರಿಸರ್ವ್ ದೀಪ ಹತ್ತಿದ ಮೇಲೆ ದಿನಗಟ್ಟಲೆ ತಳ್ಳಬೇಡಿ.