ಹೆಸರು ಒಂದೇ, ನೆಗಡಿ ನೂರಾರು

"ಚಂದ್ರನ ಮೇಲೆ ಕಾಲಿಟ್ಟು ಬಂದವರಿಗೆ ಒಂದು ನೆಗಡಿ ವಾಸಿ ಮಾಡೋಕೆ ಆಗಲಿಲ್ಲವಲ್ಲ!" ಮೂಗು ಒರೆಸಿಕೊಳ್ಳುತ್ತಾ ಯಾರಾದರೂ ಹೀಗೆಂದರೆ ಸುತ್ತಲಿದ್ದವರೆಲ್ಲ ತಲೆಯಾಡಿಸುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತು: ಮದ್ದು ಇದೆ, ಕಂಪನಿಗಳು ಬಚ್ಚಿಟ್ಟಿವೆ. ಕೇಳಿ ಕೇಳಿ ಸಾಕಾಗಿದೆ. ಚಂದ್ರ ಇರುವುದು ಒಬ್ಬನೇ. ನಾಳೆ ಎಷ್ಟು ಹೊತ್ತಿಗೆ ಎಲ್ಲಿರುತ್ತಾನೆ ಎಂದು ಇವತ್ತೇ ಲೆಕ್ಕ ಹಾಕಬಹುದು. ನೆಗಡಿ ಹಾಗಲ್ಲ. ಅದು ಒಂದು ಕಾಯಿಲೆಯೇ ಅಲ್ಲ.

ನೆಗಡಿ ತರುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚು. ಅವುಗಳಲ್ಲಿ ದೊಡ್ಡ ಪಾಲು ರೈನೋವೈರಸ್‌ಗಳದ್ದು. 1950ರ ದಶಕದಲ್ಲಿ ಮೊದಲ ರೈನೋವೈರಸ್ ಸಿಕ್ಕಾಗ ಲಸಿಕೆ ಇನ್ನೇನು ಬಂದೇಬಿಟ್ಟಿತು ಎಂಬ ಉತ್ಸಾಹವಿತ್ತು. ಆಮೇಲೆ ಇನ್ನೊಂದು ಬಗೆ ಸಿಕ್ಕಿತು, ಮತ್ತೊಂದು ಸಿಕ್ಕಿತು. ಈಗ ಲೆಕ್ಕ 160 ದಾಟಿದೆ. ಇವುಗಳಲ್ಲಿ ಎ, ಬಿ, ಸಿ ಎಂದು ಮೂರು ಗುಂಪು; ಸಿ ಅನ್ನುವ ಇಡೀ ಗುಂಪೇ ಕಣ್ಣಿಗೆ ಬಿದ್ದದ್ದು ಈ ಶತಮಾನದಲ್ಲಿ. ದಡಾರದ ವೈರಸ್ ಎಲ್ಲಿಂದ ಬಂದರೂ ನಮ್ಮ ದೇಹಕ್ಕೆ ಅದರ ಗುರುತು ಒಂದೇ. ಒಮ್ಮೆ ಬಂದು ಹೋದರೆ ಜೀವನಪೂರ್ತಿ ರಕ್ಷಣೆ. ಸಿಡುಬನ್ನು ಒಂದೇ ಲಸಿಕೆಯಿಂದ ಹೊಡೆದೋಡಿಸಿ, 1980ರಲ್ಲಿ ಅದು ಭೂಮಿಯ ಮೇಲಿಲ್ಲ ಎಂದು ಘೋಷಿಸಲು ಆದದ್ದೂ ಹೀಗೇ. ರೈನೋವೈರಸ್ ವಿಷಯದಲ್ಲಿ ಒಂದು ಬಗೆಯನ್ನು ಗೆದ್ದ ದೇಹಕ್ಕೆ ಮುಂದಿನ ಬಗೆ ಹೆಚ್ಚುಕಮ್ಮಿ ಅಪರಿಚಿತ. ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಸಲ, ಮಕ್ಕಳಿಗೆ ಇನ್ನೂ ಜಾಸ್ತಿ ಸಲ ನೆಗಡಿಯಾಗುವುದು ಅದಕ್ಕೇ.

ಇಷ್ಟು ಬಗೆಗಳಿದ್ದರೇನಂತೆ, ಎಲ್ಲಕ್ಕೂ ಸಾಮಾನ್ಯವಾದ ಒಂದು ಜಾಗ ಇರಲೇಬೇಕಲ್ವಾ? ಇದೆ. ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವ ಸಂಗತಿ ಇದೇ. 1985ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಮೈಕೆಲ್ ರಾಸ್‌ಮನ್ ತಂಡ ಒಂದು ರೈನೋವೈರಸ್‌ನ ರಚನೆಯನ್ನು ಪರಮಾಣುಗಳ ಮಟ್ಟದಲ್ಲಿ ಬಿಡಿಸಿ ತೋರಿಸಿತು. ವೈರಸ್‌ನ ಅಡ್ಡಗಲ ಸುಮಾರು 30 ನ್ಯಾನೋಮೀಟರ್. ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್‌ನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಹಿಡಿಸುತ್ತವೆ. ಇಷ್ಟು ಚಿಕ್ಕ ಚೆಂಡಿನ ಮೈಮೇಲೆ ಆಳವಾದ ಕೊರಕಲುಗಳಿವೆ. ಎ ಮತ್ತು ಬಿ ಗುಂಪಿನ ಬಹುಪಾಲು ರೈನೋವೈರಸ್‌ಗಳು ನಮ್ಮ ಮೂಗಿನ ಜೀವಕೋಶವನ್ನು ಹಿಡಿದುಕೊಳ್ಳುವುದು ಈ ಕೊರಕಲಿನ ಒಳಗಿನಿಂದ. ಜೀವಕೋಶದ ಮೇಲೆ ಐಸಿಎಎಮ್-1 ಎಂಬ ತೆಳ್ಳನೆಯ ಪ್ರೋಟೀನ್ ಇದೆ. ಅದರ ತುದಿ ಕೊರಕಲಿನ ಒಳಗೆ ಸರಿಯಾಗಿ ಕೂರುತ್ತದೆ. ವೈರಸ್‌ನ ಗುರುತು ಹಿಡಿಯಬೇಕಾದ ನಮ್ಮ ಪ್ರತಿಕಾಯ ಅದಕ್ಕಿಂತ ದಪ್ಪ. ಬೆರಳು ತೂರುವ ಸಂದಿಗೆ ಮುಷ್ಟಿ ತೂರುವುದಿಲ್ಲ, ಹಾಗೆ. ಅದು ಹೆಚ್ಚಾಗಿ ಕೊರಕಲಿನ ಅಂಚನ್ನೇ ಹಿಡಿದು ನಿಲ್ಲುತ್ತದೆ. ಬಗೆಯಿಂದ ಬಗೆಗೆ ಬದಲಾಗುವುದು ಅದೇ ಅಂಚು. ಒಳಗಿನ ಮುಖ್ಯ ಭಾಗ ಅಷ್ಟಾಗಿ ಬದಲಾಗುವುದಿಲ್ಲ. ಬದಲಾದರೆ ವೈರಸ್‌ಗೇ ಹಿಡಿತ ತಪ್ಪುತ್ತದೆ. ಕೆಲವು ಪ್ರತಿಕಾಯಗಳು ಅಂಚಿನಿಂದ ಒಳಕ್ಕೂ ಇಣುಕುತ್ತವೆ ಎಂದು ಆಮೇಲೆ ಗೊತ್ತಾಯಿತು. ರಾಸ್‌ಮನ್ ಅಂದುಕೊಂಡಷ್ಟು ಬಿಗಿಯಾದ ಕೋಟೆ ಅದಲ್ಲ. ಆದರೂ ದೇಹ ಕಲಿಯುವ ಪಾಠ ಬಹುಮಟ್ಟಿಗೆ ಅಂಚಿನದ್ದೇ.

ಇನ್ನು ಮಳೆಯಲ್ಲಿ ನೆನೆದರೆ ನೆಗಡಿ ಎನ್ನುವ ನಂಬಿಕೆ. ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಲ್ಲಿ ನೆಗಡಿಗೆಂದೇ ಒಂದು ಸಂಶೋಧನಾ ಕೇಂದ್ರ ಶುರುವಾಗಿ ನಾಲ್ಕು ದಶಕಕ್ಕೂ ಮೀರಿ ನಡೆಯಿತು. ಯುದ್ಧಕಾಲದ ಹಳೇ ಆಸ್ಪತ್ರೆಯ ಕಟ್ಟಡಗಳಲ್ಲಿ ಸ್ವಯಂಸೇವಕರು ಬಂದು ಇರುತ್ತಿದ್ದರು. ಊಟ, ವಸತಿ ಪುಕ್ಕಟೆ, ಕೈಖರ್ಚಿಗೆ ಒಂದಿಷ್ಟು ಕಾಸು. ಬದಲಿಗೆ ಮೂಗಿಗೆ ವೈರಸ್ ಹನಿ ಹಾಕಿಸಿಕೊಳ್ಳಬೇಕು. ರಜೆ ಕಳೆಯಲು ಖುಷಿಯಿಂದ ಬರುತ್ತಿದ್ದವರೂ ಇದ್ದರು! ಅಲ್ಲಿ ಕೆಲವರಿಗೆ ಬಿಸಿನೀರಿನ ಸ್ನಾನ ಮಾಡಿಸಿ, ಒದ್ದೆ ಮೈಯಲ್ಲೇ ಗಾಳಿ ಬೀಸುವ ಕಡೆ ನಿಲ್ಲಿಸಿದರು. ಒದ್ದೆ ಸಾಕ್ಸ್‌ನಲ್ಲೂ ಓಡಾಡಿಸಿದರು. ಹಾಗೆ ನಡುಗಿದವರಿಗೆ ಉಳಿದವರಿಗಿಂತ ನೆಗಡಿ ಹೆಚ್ಚೇನೂ ಆಗಲಿಲ್ಲ. ಚಳಿಗೂ ನೆಗಡಿಗೂ ನಂಟೇ ಇಲ್ಲ ಅಂತಲ್ಲ. ರೈನೋವೈರಸ್ 33 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುತ್ತದೆ, ಮೂಗಿನ ಒಳಗೆ ಮೈಗಿಂತ ತಂಪು. ಆದರೆ ವೈರಸ್ಸೇ ಇಲ್ಲದೆ ಬರೀ ನೆನೆದರೆ ನೆಗಡಿ ಬರುವುದಿಲ್ಲ.

ಮದ್ದಿನ ದಾರಿಗೆ ಅಡ್ಡ ನಿಂತಿರುವ ಇನ್ನೊಬ್ಬರು ನಾವೇ. ರೈನೋವೈರಸ್ ಮೂಗಿನ ಒಳಪದರವನ್ನು ಅಷ್ಟೇನೂ ಹಾಳು ಮಾಡುವುದಿಲ್ಲ. ಸೋರುವ ಮೂಗು, ಕೆರೆಯುವ ಗಂಟಲು ಬಹುಪಾಲು ನಮ್ಮದೇ ರೋಗನಿರೋಧಕ ವ್ಯವಸ್ಥೆಯ ಗಲಾಟೆ. ನೆಗಡಿಯಾದಾಗ ಮೂಗಿನಲ್ಲಿ ಬ್ರಾಡಿಕೈನಿನ್ ಎಂಬ ಪದಾರ್ಥ ಹೆಚ್ಚುತ್ತದೆ. ಅದನ್ನೇ ಆರೋಗ್ಯವಾಗಿರುವವರ ಮೂಗಿಗೆ ಸಿಂಪಡಿಸಿ ನೋಡಿದರು. ವೈರಸ್ಸೇ ಇಲ್ಲದೆ ಮೂಗು ಕಟ್ಟಿತು, ಗಂಟಲು ನೋಯಿತು. ನಮಗೆ ನೆಗಡಿ ಎಂದು ಖಾತ್ರಿಯಾಗುವ ಹೊತ್ತಿಗೆ ವೈರಸ್ ತನ್ನ ಕೆಲಸ ಅರ್ಧಕ್ಕರ್ಧ ಮುಗಿಸಿರುತ್ತದೆ. ಆಗ ಅದನ್ನು ಕೊಲ್ಲುವ ಮಾತ್ರೆ ನುಂಗಿದರೆ ನೆಗಡಿ ಕಡಿಮೆಯಾಗುವುದು ಒಂದೆರಡು ದಿನ, ಅಷ್ಟೆ.

ಹೇಗಿದ್ದರೂ ವಾರದಲ್ಲಿ ತಾನಾಗಿ ಹೋಗುವ ಕಾಯಿಲೆ ಇದು. ಹಾಗಾಗಿ ನಾಲ್ಕನೇ ದಿನ ಏನು ಕುಡಿದರೂ ಅದೇ ರಾಮಬಾಣ. ಎರಡು ನೊಬೆಲ್ ಗೆದ್ದ ಲೈನಸ್ ಪಾಲಿಂಗ್ ಅವರೇ 1970ರಿಂದ ವಿಟಮಿನ್ ಸಿ ಜಪ ಮಾಡಿದರು. ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ದಿನವೂ ತೆಗೆದುಕೊಳ್ಳುವ ದೊಡ್ಡವರಲ್ಲಿ ನೆಗಡಿಯ ಅವಧಿ ಸುಮಾರು ನೂರಕ್ಕೆ ಎಂಟರಷ್ಟು ಇಳಿದಿತ್ತು. ನೆಗಡಿ ಬರುವುದು ಸಾಮಾನ್ಯ ಜನರಲ್ಲಿ ಕಡಿಮೆಯಾಗಿರಲಿಲ್ಲ. ಆಂಟಿಬಯಾಟಿಕ್ ಕತೆ ಇದಕ್ಕಿಂತ ಕೆಟ್ಟದು. ಪೆನಿಸಿಲಿನ್ ಕೊಲ್ಲುವುದು ಬ್ಯಾಕ್ಟೀರಿಯಾದ ಹೊರಗೋಡೆ ಕೆಡಿಸಿ. ವೈರಸ್‌ಗೆ ಆ ಗೋಡೆಯೇ ಇಲ್ಲ. ತಮಾಷೆ ನೋಡಿ, ಪೆನಿಸಿಲಿನ್ ಕಂಡುಹಿಡಿಯುವ ಮುಂಚೆ, 1921ರಲ್ಲಿ, ಅಲೆಕ್ಸಾಂಡರ್ ಫ್ಲೆಮಿಂಗ್‌ಗೆ ನೆಗಡಿಯಾಗಿತ್ತು. ತನ್ನ ಸಿಂಬಳವನ್ನೇ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಹಾಕಿದರು. ಅದರ ಸುತ್ತ ಬ್ಯಾಕ್ಟೀರಿಯಾ ಕರಗಿತು. ಬ್ಯಾಕ್ಟೀರಿಯಾ ಕರಗಿಸುವ ಲೈಸೋಜೈಮ್ ಎಂಬ ಪದಾರ್ಥ ಸಿಕ್ಕಿದ್ದು ಹಾಗೆ. ನೆಗಡಿಗೆ ಮಾತ್ರ ಅದರಿಂದ ಏನೂ ಆಗಲಿಲ್ಲ.

ಮದ್ದು ಬಚ್ಚಿಟ್ಟಿದ್ದಾರೆ ಎನ್ನುವವರಿಗೆ ಪ್ಲೆಕೊನರಿಲ್ ಕತೆ ಗೊತ್ತಿರಬೇಕು. ವೈರಸ್‌ನ ಮೈಮೇಲಿನ ಆ ಕೊರಕಲಿನ ತಳದ ಪುಟ್ಟ ಪೊಳ್ಳಿನಲ್ಲೇ ಹೋಗಿ ಕೂರುವ ಮದ್ದು ಅದು. ನೆಗಡಿಯನ್ನು ಒಂದು ದಿನದಷ್ಟು ಕಡಿಮೆ ಮಾಡಿತು ಕೂಡ. ಕಂಪನಿ ಅದನ್ನು ಬಚ್ಚಿಡಲಿಲ್ಲ, ಮಾರಲು ಅನುಮತಿ ಕೊಡಿ ಎಂದು ಕೇಳಿತು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಲಿಲ್ಲ. ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನು ಅದು ಕುಗ್ಗಿಸಬಹುದು ಎಂಬ ಚಿಂತೆ ಮುಖ್ಯವಾಗಿತ್ತು. ಕ್ಯಾನ್ಸರ್ ಮದ್ದಾಗಿದ್ದರೆ ಇಷ್ಟು ಅಡ್ಡಪರಿಣಾಮವನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳೋಕಾಗುತ್ತಾ?

ಕೆಲಸವೇನೂ ನಿಂತಿಲ್ಲ. 2016ರಲ್ಲಿ 50 ಬಗೆಯ ರೈನೋವೈರಸ್‌ಗಳನ್ನು ಒಂದೇ ಲಸಿಕೆಯಲ್ಲಿ ಬೆರೆಸಿ ಕೋತಿಗಳಿಗೆ ಕೊಟ್ಟಾಗ 49 ಬಗೆಗಳ ವಿರುದ್ಧ ಪ್ರತಿಕಾಯ ಹುಟ್ಟಿತು. ಇನ್ನೂ ನೂರಕ್ಕೂ ಹೆಚ್ಚು ಬಗೆ ಹೊರಗಿವೆ. ಅದಕ್ಕಿಂತ ನನಗೆ ಇಷ್ಟವಾಗುವುದು 2019ರ ಇನ್ನೊಂದು ದಾರಿ. ಈ ವೈರಸ್‌ಗಳಿಗೆ ನಮ್ಮ ಜೀವಕೋಶದಲ್ಲಿ ಸೆಟ್‌ಡಿ3 ಎಂಬ ಪ್ರೋಟೀನ್ ಬೇಕೇ ಬೇಕು. ಅದನ್ನು ತೆಗೆದುಹಾಕಿದ ಜೀವಕೋಶಗಳಲ್ಲಿ ಬೇರೆ ಬೇರೆ ಬಗೆಯ ವೈರಸ್‌ಗಳು ಬೆಳೆಯಲಾರದೆ ಸೋತವು. ಅದಿಲ್ಲದ ಇಲಿಗಳೂ ಬದುಕಿದವು, ಹೆಣ್ಣಿಲಿಗಳಿಗೆ ಹೆರಿಗೆ ಮಾತ್ರ ಕಷ್ಟವಾಯಿತು. ಸ್ನಾಯು ಸಂಕುಚಿಸಲು ಆ ಪ್ರೋಟೀನ್ ನೆರವಾಗುತ್ತದೆ. ಆದರೆ ವೈರಸ್‌ಗೆ ಬೇಕಿರುವುದು ಆ ಕೆಲಸವಲ್ಲ, ಆ ಪ್ರೋಟೀನ್‌ನ ಮೇಲೆ ತಾನು ಅಂಟಿಕೊಳ್ಳಲು ಒಂದು ಜಾಗ. ಕೆಲಸಕ್ಕೆ ಕೈ ಹಾಕದೆ ಆ ಅಂಟನ್ನಷ್ಟೇ ಬಿಡಿಸುವ ಮದ್ದು ಬೇಕು.