ಆ ಕಲ್ಲು ಸಿಕ್ಕಿದ್ದೆಲ್ಲಿ?

ಪಳೆಯುಳಿಕೆಯ ಬೆಲೆಯೆಲ್ಲ ಅದರ ವಿಳಾಸದಲ್ಲಿದೆ. ಯಾವ ಬೆಟ್ಟ, ಯಾವ ಹಳ್ಳ, ಬಂಡೆಯ ಎಷ್ಟನೇ ಪದರ ಅಂತ ಗೊತ್ತಿದ್ದರೆ, ಅಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಕಡಲಿತ್ತೋ ಕಾಡಿತ್ತೋ ಅಂತ ಅದು ಹೇಳುತ್ತದೆ. ವಿಳಾಸವೇ ಸುಳ್ಳಾದರೆ? ಶೋಕೇಸಿನಲ್ಲಿ ಇಡಬಹುದು, ಅಷ್ಟೇ.

ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ವಿಶ್ವಜಿತ್ ಗುಪ್ತ ಸುಮಾರು 25 ವರ್ಷ ಹಿಮಾಲಯದ ಪಳೆಯುಳಿಕೆಗಳ ಬಗ್ಗೆ ಬರೆದರು. 300ಕ್ಕೂ ಹೆಚ್ಚು ಪ್ರಬಂಧಗಳು ದೇಶ ವಿದೇಶದ ಜರ್ನಲ್‌ಗಳಲ್ಲಿ ಬಂದವು. 1989ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಜಾನ್ ಟ್ಯಾಲೆಂಟ್ 'ನೇಚರ್' ಪತ್ರಿಕೆಯಲ್ಲಿ ಇವುಗಳ ಮೇಲೆ ದೊಡ್ಡ ಆರೋಪ ಹೊರಿಸಿದರು. ಹಿಮಾಲಯದ್ದು ಎಂದು ಅಚ್ಚಾದ ಎಷ್ಟೋ ಪಳೆಯುಳಿಕೆಗಳು ಹಿಮಾಲಯದವೇ ಅಲ್ಲ ಎಂದರು.

ಅವರಿಗೆ ಅನುಮಾನ ಬಂದದ್ದು ಹೇಗೆ? ಕಾನೊಡಾಂಟ್ ಎಂಬ ಪುಟ್ಟ ಪಳೆಯುಳಿಕೆಗಳಿವೆ. ಯಾವುದೋ ಕಾಲದ ಹಾವುಮೀನಿನಂಥ ಜೀವಿಯ ಹಲ್ಲಿನ ಚೂರುಗಳು. ಬರಿಗಣ್ಣಿಗೆ ಕಾಣುವುದೇ ಕಷ್ಟ. ಗುಪ್ತ ತೋರಿಸಿದ ಕೆಲವು ಕಾನೊಡಾಂಟ್‌ಗಳು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಮ್ಸ್‌ಡೆಲ್ ಕ್ರೀಕ್ ಎಂಬ ತೊರೆಯಲ್ಲಿ ಸಿಗುವ, 35 ಕೋಟಿ ವರ್ಷಕ್ಕೂ ಹಳೆಯ ಚೂರುಗಳನ್ನು ಹಾಗೆಹಾಗೇ ಹೋಲುತ್ತಿದ್ದವು. ಸುರುಳಿ ಚಿಪ್ಪಿನ ಅಮೊನಾಯ್ಡ್‌ಗಳು ಮೊರಾಕೋದಿಂದ ಬಂದು ಅಂಗಡಿಗಳಲ್ಲಿ ಮಾರಾಟವಾಗುವಂಥವು. ದುಡ್ಡು ಕೊಟ್ಟರೆ ಯಾರಿಗಾದರೂ ಸಿಗುತ್ತವೆ. ಗುಪ್ತ ಈ ಆರೋಪಗಳನ್ನು ಅಲ್ಲಗಳೆದರು. ಆದರೆ 1994ರಲ್ಲಿ ವಿಶ್ವವಿದ್ಯಾಲಯದ ವಿಚಾರಣೆ ಅವರನ್ನು ತಪ್ಪಿತಸ್ಥರೆಂದೇ ಹೇಳಿತು.

ನನ್ನನ್ನು ಜಾಸ್ತಿ ಕಾಡುವುದು ಬೇರೆ ಪ್ರಶ್ನೆ. ಇಷ್ಟು ವರ್ಷ, ಇಷ್ಟೊಂದು ಜರ್ನಲ್‌ಗಳು ಏನು ನೋಡುತ್ತಿದ್ದವು?

ಕೆಲಸ ನಡೆಯುತ್ತಿದ್ದ ರೀತಿ ಸರಳ. ಮಾದರಿಗಳು ಪರದೇಶದ ತಜ್ಞರ ಕೈ ಸೇರುತ್ತಿದ್ದವು. ಅವರು ನೋಡಿ, ಇದು ಇಂಥ ಜೀವಿ ಅಂತ ಗುರುತಿಸುತ್ತಿದ್ದರು. ಪ್ರಬಂಧದಲ್ಲಿ ಇಬ್ಬರ ಹೆಸರೂ ಬರುತ್ತಿತ್ತು. ಗುರುತಿಸಿದ್ದು ಸರಿಯಾಗಿಯೇ ಇರುತ್ತಿತ್ತು. ಸಿಕ್ಕಿದ ಜಾಗವನ್ನು ಮಾತ್ರ ಆ ತಜ್ಞರು ಕಂಡಿರಲಿಲ್ಲ. ಪ್ರಬಂಧ ಓದಿ ಒಪ್ಪಿಗೆ ಕೊಡುವ ಪರಿಶೀಲಕರೂ ಅಷ್ಟೇ. ತಜ್ಞರ ಹೆಸರಿದೆ, ಗುರುತು ಸರಿಯಿದೆ, ಅಲ್ಲಿಗೆ ಮುಗಿಯಿತು.

ಪರಿಶೀಲಕರು ಹಿಮಾಲಯ ಹತ್ತಿ ನೋಡಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಅವರು ಸಂಬಳವಿಲ್ಲದೆ, ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಓದುವವರು. ನಂಬಿಕೆಯಿಲ್ಲದೆ ವಿಜ್ಞಾನ ಒಂದು ದಿನವೂ ನಡೆಯುವುದಿಲ್ಲ. ಆದರೆ ಸಂಪಾದಕರು ಒಂದು ನಕ್ಷೆ ಕೇಳಬಹುದಿತ್ತು. ಬಂಡೆಯ ಫೋಟೋ ಕೇಳಬಹುದಿತ್ತು. ಆ ಕಲ್ಲು ಈಗ ಯಾವ ಮ್ಯೂಸಿಯಂನಲ್ಲಿದೆ, ಎಷ್ಟನೇ ನಂಬರ್ ಅಂತ ಕೇಳಬಹುದಿತ್ತು. ಇದಕ್ಕೆ ಬೆಟ್ಟ ಹತ್ತಬೇಕಿಲ್ಲ, ಒಂದು ಕಾಗದ ಸಾಕು. ಸುಮ್ನೆ ಬಿಟ್ಟದ್ದೇ ತಪ್ಪಾಯಿತು. ಸಹಲೇಖಕರ ಹೊಣೆ ಇನ್ನೂ ದೊಡ್ಡದು, ಯಾಕೆಂದರೆ ಅಲ್ಲಿರುವುದು ಅವರದೇ ಹೆಸರು.

ಇಲ್ಲಿ ಒಬ್ಬರನ್ನು ನೆನೆಯಲೇಬೇಕು. ಅಮೆರಿಕದ ಗ್ಯಾರಿ ವೆಬ್‌ಸ್ಟರ್ ಸ್ವತಃ ಗುಪ್ತರ ಜೊತೆ ಬರೆದಿದ್ದವರು. ಸುದ್ದಿ ಹೊರಬಿದ್ದ ಮೇಲೆ ಅವರು ಮೌನವಾಗಿ ಪಕ್ಕಕ್ಕೆ ಸರಿಯಲಿಲ್ಲ. ಆ ಹಳೆಯ ಪ್ರಬಂಧಗಳನ್ನು ಮತ್ತೆ ತೆರೆದು, ಯಾವುದನ್ನು ನಂಬಬಾರದು ಅಂತ 1991ರಲ್ಲಿ ಹೆಸರು ಹಾಕಿ ಪ್ರಕಟಿಸಿದರು. ಎರಡು ವರ್ಷದ ಮೇಲೆ ಟ್ಯಾಲೆಂಟ್ ಮತ್ತಿತರರ ಜೊತೆ ಸೇರಿ ಕಾನೊಡಾಂಟ್ ಪ್ರಬಂಧಗಳನ್ನೂ ಹೀಗೇ ಜಾಲಿಸಿದರು. ಹೊಸದೇನನ್ನೂ ಕಂಡುಹಿಡಿಯದ ಕೆಲಸ ಅದು. ನನಗೆ ಮಾತ್ರ ಅವರ ಮೇಲೆ ತುಂಬಾ ಗೌರವ.

ಆದರೆ ಅವರು ಬರೆದದ್ದು ಒಂದು ಜರ್ನಲ್‌ನಲ್ಲಿ, ತಪ್ಪು ಅಚ್ಚಾದದ್ದು ಬೇರೆ ಎಷ್ಟೋ ಜರ್ನಲ್‌ಗಳಲ್ಲಿ. ಸಂಪಾದಕರ ನೈತಿಕ ಹೊಣೆಗಳ ಬಗ್ಗೆಯೇ ಕೆಲಸ ಮಾಡುವ 'ಕೋಪ್' ಎಂಬ ಸಂಸ್ಥೆ ಬ್ರಿಟನ್ನಿನಲ್ಲಿ ಶುರುವಾದದ್ದು 1997ರಲ್ಲಿ. ನಂಬಲಾಗದ ಪ್ರಬಂಧವನ್ನು ಹಿಂತೆಗೆದುಕೊಂಡರೆ ಆ ಸೂಚನೆ ಮೂಲ ಪ್ರಬಂಧಕ್ಕೇ ಅಂಟಿಕೊಂಡಿರಬೇಕು, ಯಾರು ಬೇಕಾದರೂ ದುಡ್ಡಿಲ್ಲದೆ ಓದುವಂತಿರಬೇಕು ಎನ್ನುವುದು ಅವರ ನಿಯಮ. ಗುಪ್ತರ ಪ್ರಬಂಧಗಳು ಬಂದದ್ದು ಅದಕ್ಕೂ ಮೊದಲು. ಲೈಬ್ರರಿಯ ಕಪಾಟಿನಲ್ಲಿರುವ ಅಂಥ ಒಂದು ಸಂಪುಟವನ್ನು ಹೊಸ ವಿದ್ಯಾರ್ಥಿಯೊಬ್ಬಳು ತೆಗೆದರೆ, ಪುಟದಲ್ಲಿ ಊರಿನ ಹೆಸರಿರುತ್ತದೆ, ಕಾಲ ಇರುತ್ತದೆ, ಚಿತ್ರಗಳಿರುತ್ತವೆ. ವೆಬ್‌ಸ್ಟರ್ ಬರೆದದ್ದು ಅಲ್ಲಿರುವುದಿಲ್ಲ.