ಕೆಂಪು ಹರಳಿನ ಬೆನ್ನಿಗೆ ಚಿನ್ನದ ರೇಕು

1653ರ ಮೇ ತಿಂಗಳು. ಈಗಿನ ಬೆಲ್ಜಿಯಂನ ಟೂರ್ನೆ ಪಟ್ಟಣದಲ್ಲಿ ಪಾಯ ತೋಡುತ್ತಿದ್ದ ಗಾರೆ ಕೆಲಸಗಾರನೊಬ್ಬನ ಗುದ್ದಲಿಗೆ ಚಿನ್ನ ಸಿಕ್ಕಿತು. ನಾಣ್ಯಗಳು, ಕತ್ತಿಯ ಹಿಡಿ, ಮುನ್ನೂರರಷ್ಟು ಪುಟ್ಟ ಚಿನ್ನದ ಜೇನ್ನೊಣಗಳು. ಜೊತೆಗೊಂದು ಮುದ್ರೆಯುಂಗುರ. ಅದರ ಮೇಲೆ ಲ್ಯಾಟಿನ್‌ನಲ್ಲಿ 'ಚಿಲ್ಡೆರಿಕ್ ರಾಜನದು' ಎಂದಿತ್ತು. ಫ್ರಾಂಕ್ ಎಂಬ ಜರ್ಮನಿಕ್ ಬುಡಕಟ್ಟಿನ ಈ ರಾಜ ತೀರಿಕೊಂಡಿದ್ದು ಸುಮಾರು 481ರಲ್ಲಿ.

ಜೇನ್ನೊಣಗಳ ರೆಕ್ಕೆಗೆ ಕೆಂಪು ಹರಳು ಕೂರಿಸಿದ್ದಾರೆ. ಅದು ಮಾಣಿಕ್ಯವಲ್ಲ, ಗಾರ್ನೆಟ್. ನಮ್ಮ ಗೋಮೇಧಿಕದ ಬಳಗದ್ದೇ ಕಲ್ಲು. ಆದರೆ ಗೋಮೇಧಿಕ ಅಂದ ಕೂಡಲೇ ಮಾತು ರಾಹುವಿನ ಕಡೆ ಹೊರಳುತ್ತದೆ, ಯಾವ ಬೆರಳಿಗೆ, ಎಷ್ಟು ಕ್ಯಾರೆಟ್ ಅಂತ. ನನಗೆ ಇದು ನಿಜಕ್ಕೂ ಬೇಸರ ತರಿಸುತ್ತದೆ. ಈ ಕಲ್ಲು ಗ್ರಹಗಳಿಗೆ ಏನೂ ಮಾಡುವುದಿಲ್ಲ. ಬೆಳಕಿಗೆ ಏನು ಮಾಡುತ್ತದೆ ಅನ್ನುವುದನ್ನು ನೋಡಬೇಕು.

ಗಾರ್ನೆಟ್‌ನಲ್ಲಿ ಕಬ್ಬಿಣ ಜಾಸ್ತಿ. ಅದು ಹಸಿರು, ಹಳದಿ ಬೆಳಕನ್ನು ನುಂಗಿ ಕೆಂಪನ್ನು ಬಿಡುತ್ತದೆ. ಕಲ್ಲು ದಪ್ಪವಾದರೆ ಕೆಂಪೂ ಹೊರಗೆ ಬರುವುದಿಲ್ಲ, ಕಪ್ಪಾಗಿ ಕಾಣುತ್ತದೆ. ಪುನರ್ಪುಳಿ ಶರಬತ್ತು ಪಾತ್ರೆಯಲ್ಲಿ ಕಪ್ಪು, ಲೋಟಕ್ಕೆ ತೆಳ್ಳಗೆ ಬಗ್ಗಿಸಿದರೆ ಕೆಂಪು, ಅಲ್ವಾ? ಹಾಗೇ. ಅದಕ್ಕೇ ಅಕ್ಕಸಾಲಿ ಹರಳನ್ನು ಒಂದು ಮಿಲಿಮೀಟರ್ ಆಸುಪಾಸಿಗೆ ತೆಳುವಾಗಿ ಉಜ್ಜಿದ.

ತೆಳುವಾದರೆ ಇನ್ನೊಂದು ತೊಂದರೆ. ಬೆಳಕು ಹರಳನ್ನು ದಾಟಿ ಹಿಂದಿನ ಕತ್ತಲಲ್ಲಿ ಕಳೆದುಹೋಗುತ್ತದೆ. ಹಾಗಾಗಿ ಬೆನ್ನಿಗೆ ಚಿನ್ನದ ರೇಕು ಇಟ್ಟ. ನಮ್ಮ ಕುಂದಣದ ಕೆಲಸದಲ್ಲೂ ಹರಳಿನ ಕೆಳಗೆ ರೇಕು ಇರುತ್ತದೆ. ಅಲ್ಲಿನವನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ರೇಕಿನ ಮೇಲೆ ಚೌಕುಳಿ ಅಚ್ಚೊತ್ತಿದ. ಗೆರೆಗಳು ಎಷ್ಟು ಸಣ್ಣ ಅಂದರೆ ಒಂದು ಮಿಲಿಮೀಟರಿನೊಳಗೆ ಎರಡು ಮೂರು ಹಿಡಿಯುತ್ತವೆ.

ಚೌಕುಳಿ ಯಾಕೆ? ನುಣುಪು ರೇಕು ಕನ್ನಡಿಯ ಹಾಗೆ. ಬೆಳಕನ್ನು ಒಂದೇ ದಿಕ್ಕಿಗೆ ಎಸೆಯುತ್ತದೆ, ನೀವು ಸ್ವಲ್ಪ ಪಕ್ಕಕ್ಕೆ ಸರಿದರೆ ಹೊಳಪು ಹೋಯಿತು. ಚೌಕುಳಿಯ ಒಂದೊಂದು ಏಣಿನ ಇಳಿಜಾರೂ ಬೇರೆ ಕಡೆ ಮುಖ ಮಾಡಿರುತ್ತದೆ. ನೀವು ಎಲ್ಲಿ ನಿಂತರೂ ಯಾವುದೋ ಒಂದು ಇಳಿಜಾರು ನಿಮ್ಮ ಕಣ್ಣಿಗೆ ಬೆಳಕು ಕಳಿಸುತ್ತದೆ. ಸೈಕಲ್ಲಿನ ಹಿಂದಿರುವ ಕೆಂಪು ರಿಫ್ಲೆಕ್ಟರಿನೊಳಗೂ ಪುಟ್ಟ ಪುಟ್ಟ ಮುಖಗಳಿವೆ, ನೋಡಿ. ಮೇಲಾಗಿ ಬೆಳಕು ಹರಳನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟುತ್ತದೆ. ತೆಳು ಹರಳಿಗೂ ಗಾಢ ಕೆಂಪು ಬರುವುದು ಹೀಗೆ. ಎಣ್ಣೆದೀಪದ ಬೆಳಕಿನಲ್ಲಿ ಆಭರಣ ಸ್ವಲ್ಪ ಅಲುಗಿದರೆ ಸಾಕು, ಕೆಂಡ ಊದಿದ ಹಾಗೆ ಮಿನುಗುತ್ತಿತ್ತು.

ಇಂಥ ಜನರನ್ನು ರೋಮನ್ನರು ಅನಾಗರಿಕರು ಎಂದರು. ನಾವೂ ಸುಮ್ನೆ ಅದನ್ನೇ ಇವತ್ತಿಗೂ ಹೇಳುತ್ತಿದ್ದೇವೆ.

ಕಲ್ಲು ಎಲ್ಲಿಯದು? ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನ ನೆಲಮಾಳಿಗೆಯಲ್ಲಿ ಕಣಗಳ ವೇಗ ಹೆಚ್ಚಿಸುವ ಯಂತ್ರವೊಂದಿದೆ. ಅದರಿಂದ ಪ್ರೋಟಾನ್‌ಗಳನ್ನು ಹರಳಿಗೆ ಹಾಯಿಸಿದರೆ, ಒಳಗಿನ ಒಂದೊಂದು ಧಾತುವೂ ತನ್ನದೇ ಗುರುತಿನ ಎಕ್ಸ್-ಕಿರಣ ಹೊರಬಿಡುತ್ತದೆ. ಹರಳಿಗೆ ಏನೂ ಆಗುವುದಿಲ್ಲ. ಹೀಗೆ ಫ್ರಾಂಕ್ ಗೋರಿಗಳ ಗಾರ್ನೆಟ್‌ಗಳನ್ನು ಪರೀಕ್ಷಿಸಿದಾಗ ಬಹಳಷ್ಟು ಭಾರತದವು ಎಂದು ತಿಳಿಯಿತು. ಶ್ರೀಲಂಕಾದವೂ ಇದ್ದವು. ಆರನೇ ಶತಮಾನದ ವ್ಯಾಪಾರಿ ಕಾಸ್ಮಾಸ್ ತನ್ನ ಬರಹದಲ್ಲಿ ಕಾಬೆರ್ ಎಂಬ ಬಂದರಿನಿಂದ ಇಂಥ ಕಲ್ಲು ಹೋಗುತ್ತಿತ್ತು ಎನ್ನುತ್ತಾನೆ. ವಿದ್ವಾಂಸರು ಅದನ್ನು ಕಾವೇರಿಪಟ್ಟಣ ಎಂದು ಗುರುತಿಸುತ್ತಾರೆ. ನಮ್ಮ ಕೊಡಗಿನ ನದಿ ಕಡಲು ಸೇರುವ ಜಾಗ!

ಆರನೇ ಶತಮಾನದ ಕೊನೆಗೆ ಈ ಕಲ್ಲು ಬರುವುದು ಕಡಿಮೆಯಾಯಿತು. ಈಗಿನ ಚೆಕ್ ದೇಶದ ಬೊಹೀಮಿಯಾದ ಚಿಕ್ಕ ಗಾರ್ನೆಟ್‌ಗಳು ಆ ಜಾಗಕ್ಕೆ ಬಂದವು. 2009ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನ ಹೊಲದಲ್ಲಿ ಸಿಕ್ಕ ನಿಧಿಯಲ್ಲಿ ಎರಡೂ ಊರಿನ ಕಲ್ಲುಗಳಿವೆ.

ಚಿಲ್ಡೆರಿಕ್‌ನ ಜೇನ್ನೊಣಗಳನ್ನು ನೆಪೋಲಿಯನ್ ತನ್ನ ಲಾಂಛನ ಮಾಡಿಕೊಂಡ. 1831ರಲ್ಲಿ ಕಳ್ಳರು ಪ್ಯಾರಿಸ್ಸಿನ ಗ್ರಂಥಾಲಯದಿಂದ ಗೋರಿಯ ನಿಧಿ ಕದ್ದು ಬಹುಪಾಲು ಚಿನ್ನ ಕರಗಿಸಿದರು. ಉಳಿದಿದ್ದರಲ್ಲಿ ಒಂದಷ್ಟು ಸೇನ್ ನದಿಯಲ್ಲಿ ಸಿಕ್ಕಿತು. ಮುನ್ನೂರು ಜೇನ್ನೊಣಗಳಲ್ಲಿ ಈಗ ಇರುವುದು ಎರಡು. ಅವುಗಳ ರೆಕ್ಕೆ ಇನ್ನೂ ಕೆಂಪಾಗಿದೆ.